‘ಯುಂಗೆಲ್ನ್ಸ್ ಲಾಗ್’: ಮೂಲ ಪ್ರತಿಯನ್ನು ಕೊಳ್ಳಬೇಕೇ, 2016ರ ಪೆಟ್ಟಿಗೆ ಸಾಕೇ?

ಪ್ರಶ್ನೆ: ‘ಯುಂಗೆಲ್ನ್ಸ್ ಲಾಗ್’ ಎಂಬುದು ಸ್ವೀಡನ್ನಿನ ರಾಕ್ ತಂಡ ‘ಟ್ರೇಡ್, ಗ್ರೇಸ್ ಓ ಸ್ಟೇನಾರ್’ನ 1971ರ ಕಛೇರಿಗಳಲ್ಲಿ ನೇರವಾಗಿ ಧ್ವನಿಮುದ್ರಿಸಿಕೊಂಡ ಎಲ್‌ಪಿ (ದೊಡ್ಡ ಗ್ರಾಮಫೋನ್ ರೆಕಾರ್ಡು). ಅದರ ಹಳೆಯ ಪ್ರತಿಯೊಂದು ಸ್ಟಾಕ್‌ಹೋಮಿನಲ್ಲಿ ಮಾರಾಟಕ್ಕಿದೆ; 2016ರಲ್ಲಿ ಅದು ಮರುಮುದ್ರಣವಾಗಿ ಒಂದು ಪೆಟ್ಟಿಗೆಯಲ್ಲೂ ಬಂದಿದೆ. ನನ್ನದು ಸಾಧಾರಣ ಪ್ಲೇಯರ್. ಕೊಂಡವರು ದಯವಿಟ್ಟು ಅನುಭವ ತಿಳಿಸಿ.

ಉಪ್ಸಲಾದಿಂದ: ನಾನು ಮೂಲ ಪ್ರತಿಗೆ 3,200 ಸ್ವೀಡಿಷ್ ಕ್ರೋನಾ ಕೊಟ್ಟೆ, ಅಂಚೆಗೆ 95, ತೊಳೆಸಲು 150, ಆಮೇಲೆ ಪ್ಲೇಯರಿನ ಹೊಸ ಮುಳ್ಳಿಗೆ 900. ‘ಬಹಳ ಚೆನ್ನಾಗಿದೆ’ ಎಂದು ಮಾರಿದವರು ಬರೆದಿದ್ದರು. ಈ ತಂಡವು ಕೇಳಿಯೂ ಕೇಳದಷ್ಟು ಮೆಲ್ಲಗೆ ಆರಂಭಿಸಿ, ಒಂದೇ ಸ್ವರಗುಚ್ಛವನ್ನು ನಿಮಿಷಗಟ್ಟಲೆ ಮರಳಿ ಮರಳಿ ನುಡಿಸುತ್ತ ಕಾವೇರಿಸುವುದರಿಂದ, ಬೇರೆ ರಾಕ್ ರೆಕಾರ್ಡಿನಲ್ಲಿ ಗಮನಕ್ಕೇ ಬಾರದ ಕರಕರ ಸದ್ದು ಇಲ್ಲಿ ಆ ಮೆಲುದನಿಯನ್ನೇ ನುಂಗಿಬಿಡುತ್ತದೆ. ಎರಡನೆಯ ಬದಿಯಲ್ಲಿ ಉಗುರಿಗೆ ತಗುಲುವಂಥ ಗೀರೊಂದಿದೆ. ಆದರೂ ಅದನ್ನು ಮಾರುವ ಮನಸ್ಸಾಗಿಲ್ಲ.

ಮಾಲ್ಮೊದಿಂದ: ನಾನು ಆಂಥಾಲಜಿ ಎಂಬ ರೆಕಾರ್ಡ್ ಕಂಪನಿಯವರು 2016ರಲ್ಲಿ ತಂದ ಪೆಟ್ಟಿಗೆಯನ್ನೇ ಕೊಂಡೆ. ಆರು ಎಲ್‌ಪಿಗಳಲ್ಲಿ ಇದರ ಜೊತೆಗೆ ಇದೇ ತಂಡದ ‘ಮೋರ್ಸ್ ಮೋರ್ಸ್’, ‘ಕೊಮ್ ಟಿಲ್‌ಸಮ್ಮನ್ಸ್’ ಕೂಡ ದೊರೆತವು. ಸಾಗಣೆಯಲ್ಲಿ ಒಂದು ಮೂಲೆ ಜಜ್ಜಿತ್ತು; ಎರಡು ವಾರ ಪತ್ರ ಬರೆದರೂ ಪರಿಹಾರ ಬರಲಿಲ್ಲ. ಆದರೆ ಟೋರ್‌ಬ್ಯೋರ್ನ್ ಅಬೆಲ್ಲಿಯವರ ಬಾಸ್, ಥಾಮಸ್ ಗಾರ್ಟ್ಸ್ ಅವರ ಡ್ರಮ್ಮಿನಿಂದ ಬಿಡಿಬಿಡಿಯಾಗಿ ಕೇಳುತ್ತದೆ. ಹಳೆಯ ಪ್ರತಿಗೆ ಹಣ ಸುರಿಯುವವರು ಕೊಳ್ಳುವುದು ರಟ್ಟಿನ ಹೊದಿಕೆಯನ್ನು, ಸಂಗೀತವನ್ನಲ್ಲ.

ಉಪ್ಸಲಾದಿಂದ: ರಟ್ಟಿಗಾಗಿ ನಾನು ನಾಲ್ಕು ಸಾವಿರ ಖರ್ಚು ಮಾಡಿಲ್ಲ, ಸ್ವಾಮಿ. ಅಂದು ಆ ಸಭೆಗಳಲ್ಲಿ ನುಡಿಸಿದವರು ಆ ಕಾಲದಲ್ಲೇ ಜನರ ಕೈಗಿತ್ತ ವಸ್ತು ನನ್ನ ಕೈಯಲ್ಲಿದೆ ಎಂಬುದು ನನಗೆ ದೊಡ್ಡದು.

ಗೋಥೆನ್‌ಬರ್ಗ್‌ನಿಂದ: ಇಬ್ಬರೂ ಬೇರನ್ನು ಬಿಟ್ಟು ಕೊಂಬೆಗೆ ಜಗಳವಾಡುತ್ತಿದ್ದೀರಿ. ಈ ತಂಡದ ಗಿಟಾರ್ ವಾದಕ ಬೂ ಆಂಡರ್ಸ್ ಪೇರ್ಶನ್ ಸ್ಟಾಕ್‌ಹೋಮಿನ ರಾಯಲ್ ಸಂಗೀತ ಕಾಲೇಜಿನಲ್ಲಿ ಕಲಿತವರು. ಸಣ್ಣ ಸ್ವರಗುಚ್ಛಗಳನ್ನು ಮರಳಿ ಮರಳಿ ನುಡಿಸುವ ಶೈಲಿಗೆ ಹೆಸರಾದ ಅಮೆರಿಕದ ಸಂಗೀತ ಸಂಯೋಜಕ ಟೆರಿ ರೈಲಿಯವರ ಪ್ರಭಾವದಿಂದ ಹುಟ್ಟಿದ ‘ಪೇರ್ಶನ್ ಸೌಂಡ್’ ತಂಡವೇ ಮುಂದೆ ಈ ತಂಡವಾಯಿತು. 2001ರಲ್ಲಿ ಹೊರಬಂದ ‘ಪೇರ್ಶನ್ ಸೌಂಡ್’ನ ಹಳೆಯ ಧ್ವನಿಮುದ್ರಣಗಳನ್ನು ಮೊದಲು ಕೇಳದೆ ಈ ರೆಕಾರ್ಡನ್ನು ಕೊಂಡವರು ಹತ್ತೇ ನಿಮಿಷಕ್ಕೆ ಮುಳ್ಳೆತ್ತುತ್ತಾರೆ. ನಾನೂ ಹಾಗೆ ಮಾಡಿ, ಒಂದು ಪ್ರತಿಯನ್ನು 600 ಕ್ರೋನಾ ನಷ್ಟಕ್ಕೆ ಮಾರಿದೆ.

ಮಾಲ್ಮೊದಿಂದ: ನಿಮ್ಮ ನಷ್ಟವನ್ನು ಎಲ್ಲರ ತಲೆಗೆ ಕಟ್ಟಬೇಡಿ. ತಂಬೂರಿಯ ಶ್ರುತಿ ಕೇಳುತ್ತ ಬೆಳೆದ ನನಗೆ ಆ ನಿಲ್ಲದ ನಾದ ಹಿಡಿಸಲು ಯಾವ ಪೂರ್ವಪಾಠವೂ ಬೇಕಾಗಲಿಲ್ಲ.

ಉಪ್ಸಲಾದಿಂದ: ಈ ಮಾತನ್ನಂತೂ ನಾನು ಒಪ್ಪುತ್ತೇನೆ, ರಟ್ಟಿನ ಮಾತನ್ನಲ್ಲ. ಪ್ರಶ್ನೆ ಕೇಳಿದವರೇ, ಮಾರುವವರ ಮನೆಗೇ ಹೋಗಿ, ಅವರ ಎದುರಿನಲ್ಲೇ ಎರಡೂ ಬದಿಗಳ ಮೊದಲ ಐದೈದು ನಿಮಿಷ ಕೇಳಿ, ಆಮೇಲೆ ಹಣ ಕೊಡಿ.