ಮೆಕೆಂಜಿ ಡೈಕ್‌ಗಳ ಶಿಲಾಪಾಕ ಕೆಳಗಿನಿಂದ ಎದ್ದದ್ದೋ, ಅಡ್ಡಲಾಗಿ ಹರಿದದ್ದೋ?

ಪ್ರಶ್ನೆ:
ಕೆನಡಾದ ವಿಕ್ಟೋರಿಯಾ ದ್ವೀಪದ ಪಶ್ಚಿಮಕ್ಕಿರುವ ಒಂದು ಕೇಂದ್ರದಿಂದ ಬೀಸಣಿಗೆಯಂತೆ ಹರಡಿ, ಆಗ್ನೇಯಕ್ಕೆ 2000 ಕಿ.ಮೀ.ಗೂ ಹೆಚ್ಚು ದೂರ ಚಾಚಿರುವ ಮೆಕೆಂಜಿ ಡೈಕ್ ಸಮೂಹದ ನಕ್ಷೆಯನ್ನು ನೋಡುತ್ತಿದ್ದೆ. ಬಂಡೆಯ ಬಿರುಕಿಗೆ ನುಗ್ಗಿದ ಶಿಲಾಪಾಕ ಗೋಡೆಯಂತೆ ಗಟ್ಟಿಯಾದರೆ ಅದು ಡೈಕ್ ಎಂಬುದು ತಿಳಿದಿದೆ. ಆದರೆ ಇಷ್ಟುದ್ದದ ಬಿರುಕುಗಳನ್ನು ತುಂಬಿದ ಶಿಲಾಪಾಕವು ಆಯಾ ಸ್ಥಳದ ಅಡಿಯಿಂದಲೇ ಮೇಲೆದ್ದಿತೇ, ಇಲ್ಲವೇ ಆ ಕೇಂದ್ರದಿಂದ ಅಡ್ಡಲಾಗಿ ಹರಿದು ಬಂದಿತೇ? ಹರಿದು ಬಂದಿದ್ದರೆ ನಡುದಾರಿಯಲ್ಲೇ ತಣಿದು ಕಲ್ಲಾಗಬೇಕಿತ್ತಲ್ಲವೇ?

ಉತ್ತರ 1:
ಹೆಚ್ಚಿನ ಭಾಗ ಅಡ್ಡಲಾಗಿಯೇ ಹರಿದಿದೆ. ಹರಿಯುವಾಗ ಸಾಲುಗೂಡಿದ ಖನಿಜ ಕಣಗಳು ಬಂಡೆಯ ಕಾಂತಗುಣದಲ್ಲಿ ದಿಕ್ಕಿನ ಗುರುತನ್ನು ಉಳಿಸಿಹೋಗುತ್ತವೆ. ಭೂವಿಜ್ಞಾನಿಗಳಾದ ಅರ್ನ್‌ಸ್ಟ್ ಮತ್ತು ಬಾರಗರ್ 1992ರಲ್ಲಿ ಈ ಗುರುತನ್ನು ಅಳೆದು, ಕೇಂದ್ರದಿಂದ ಸುಮಾರು 500 ಕಿ.ಮೀ.ವರೆಗೆ ಹರಿವು ಲಂಬವಾಗಿಯೂ ಅದರಾಚೆಗೆ ಸಮತಲವಾಗಿಯೂ ಇದ್ದುದನ್ನು ತೋರಿಸಿದರು. ಕೇಂದ್ರದ ಅಡಿಯಲ್ಲಿ, ಭೂಚಿಪ್ಪಿನ ಕೆಳಗಿನ ಪದರವಾದ ಮ್ಯಾಂಟಲ್‌ನಿಂದ ಪ್ಲೂಮ್ ಎಂಬ ಬಿಸಿ ಬಂಡೆಯ ಕಂಬ ಮೇಲೆದ್ದಿತ್ತೆಂಬ ವಿವರಣೆಗೆ ಇದು ಚೆನ್ನಾಗಿ ಹೊಂದುತ್ತದೆ.

ತಣಿಯುವ ವಿಷಯದಲ್ಲಿ ಅಗಲವೇ ಮುಖ್ಯ, ಏಕೆಂದರೆ ತಣಿಯಲು ಬೇಕಾದ ಕಾಲವು ಅಗಲದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಒಂದು ಮೀಟರ್ ಅಗಲದ ಡೈಕ್ ಕೆಲವೇ ದಿನಗಳಲ್ಲಿ ಗಟ್ಟಿಯಾದರೆ, ಮೆಕೆಂಜಿಯಲ್ಲಿ ಸಾಮಾನ್ಯವಾದ 30 ಮೀಟರ್ ಅಗಲದ್ದು ವರ್ಷಗಟ್ಟಲೆ ದ್ರವವಾಗಿರಬಲ್ಲದು. ಐಸ್‌ಲ್ಯಾಂಡಿನ ಬಾರ್ಡರ್‌ಬುಂಗಾ ಜ್ವಾಲಾಮುಖಿಯಲ್ಲಿ 2014ರಲ್ಲಿ ಶಿಲಾಪಾಕವು ನೆಲದಡಿಯಲ್ಲೇ ಸುಮಾರು 45 ಕಿ.ಮೀ. ಸಾಗಿ ಹೊರಬಂದುದಕ್ಕೆ ಹಿಡಿದದ್ದು ಎರಡು ವಾರ ಮಾತ್ರ.

ಉತ್ತರ 2:
ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಬೀಸಣಿಗೆಯ ಆಕಾರವೊಂದನ್ನೇ ಪುರಾವೆಯೆಂದು ಹಿಡಿಯಬಾರದು. ಬಿರುಕು ಯಾವ ದಿಕ್ಕಿಗೆ ತೆರೆಯಬೇಕೆಂಬುದನ್ನು ಭೂಚಿಪ್ಪಿನ ಒತ್ತಡ ನಿರ್ಧರಿಸುತ್ತದೆ. ಕೇಂದ್ರದಿಂದ ಬಹುದೂರದಲ್ಲಿ ಈ ಡೈಕ್‌ಗಳು ಬೀಸಣಿಗೆಯ ಕ್ರಮವನ್ನು ಬಿಟ್ಟು ಹೆಚ್ಚುಕಡಿಮೆ ಸಮಾನಾಂತರವಾಗುವುದೂ ಅಲ್ಲಿನ ಪ್ರಾದೇಶಿಕ ಒತ್ತಡ ಮೇಲುಗೈ ಪಡೆದುದರಿಂದಲೇ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಇವೆಲ್ಲವೂ ಒಂದೇ ಕಾಲದವು ಎಂದು ತಿಳಿದದ್ದು ಹೇಗೆ? ಬಂಡೆಯ ವಯಸ್ಸು ಅಳೆಯಲು ಬಳಸುವ ಜಿರ್ಕಾನ್ ಖನಿಜವು ಬಸಾಲ್ಟ್ ಜಾತಿಯ ಬಂಡೆಗಳಲ್ಲಿ ವಿರಳವೆಂದು ಓದಿದ್ದೆ.

ಉತ್ತರ 3:
ಜಿರ್ಕಾನ್ ವಿರಳವಾದರೂ ಬ್ಯಾಡಲಿಯೈಟ್ ಸಿಗುತ್ತದೆ. ಜಿರ್ಕೋನಿಯಂ ಆಕ್ಸೈಡಿನ ಈ ಖನಿಜವು ಹುಟ್ಟುವಾಗ ಯುರೇನಿಯಂ ಅನ್ನು ಸೇರಿಸಿಕೊಂಡು ಸೀಸವನ್ನು ಬಹುತೇಕ ಹೊರಗಿಡುತ್ತದೆ. ಹಾಗಾಗಿ ಈಗ ಅದರಲ್ಲಿರುವ ಸೀಸವು ಕಾಲಕ್ರಮದಲ್ಲಿ ಯುರೇನಿಯಂ ಕ್ಷಯಿಸಿ ಉಂಟಾದದ್ದು. ಅದನ್ನು ಅಳೆದಾಗ ಮೆಕೆಂಜಿ ಡೈಕ್‌ಗಳ ವಯಸ್ಸು ಸುಮಾರು 126.7 ಕೋಟಿ ವರ್ಷವೆಂದು ತಿಳಿಯಿತು. ಹರಳುಗಳು ಬಹಳ ಸಣ್ಣವು. ಅವುಗಳನ್ನು ಬಂಡೆಯಿಂದ ಬೇರ್ಪಡಿಸುವುದೇ ಅಳತೆಗಿಂತ ಹೆಚ್ಚು ತಾಳ್ಮೆ ಬೇಡುವ ಕೆಲಸ.