ಸಹಾಯ ಬೇಕು: ಹಳೇ ಸೆಡಾನ್ ಬಿಸಿ ಆಗ್ಲಿಕ್ಕತ್ತದ, ಕಲಬುರಗಿಯಾಗ ಒಳ್ಳೆ ಮೆಕ್ಯಾನಿಕ್ ಯಾರ್ ಅದಾರ?

ಎಲ್ಲರಿಗೂ ನಮಸ್ಕಾರ್ರಿ. ನಂದು 2011ರ ಪೆಟ್ರೋಲ್ ಸೆಡಾನ್, ಫೋಟೋ ಹಾಕೀನಿ. ಹುಮನಾಬಾದ್ ರೋಡಿಗೆ ಬಿಟ್ರ ಟೆಂಪರೇಚರ್ ಸೂಜಿ ನಡುವೇ ನಿಂತಿರ್ತದ. ಸೂಪರ್ ಮಾರ್ಕೆಟ್ ಟ್ರಾಫಿಕ್‌ನಾಗ ನಿಂತ್ರ ಮ್ಯಾಲ ಏರ್ತದ, ಎಸಿ ಬಂದ್ ಮಾಡಿದ್ರ ನಿಧಾನ ಇಳೀತದ. ರೇಡಿಯೇಟರ್ ಫ್ಯಾನ್ ಒಮ್ಮೊಮ್ಮೆ ತಿರಗೂದೇ ಇಲ್ಲ. ಕೂಲೆಂಟ್ ಸುದ್ದಾ ಸ್ವಲ್ಪ ಸ್ವಲ್ಪ ಕಮ್ಮಿ ಆಗ್ತದ, ಆದ್ರ ಗಾಡಿ ಕೆಳಗ ಒಂದ್ ಹನಿ ಕಾಣಂಗಿಲ್ಲ.

ಒಬ್ಬ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಮ್ಯಾಲಿನ ಹೆಡ್‌ಗೂ ನಡುವಿನ ಸೀಲ್) ಹೋಗ್ಯದ, 35 ಸಾವಿರ ಆಗ್ತದ ಅಂದ್ರು. ಕೂಲೆಂಟ್ ಎಲ್ಲಿ ಸೋರ್ತದ ಅಂತ ಒತ್ತಡ ಹಾಕಿ ನೋಡೋ ಪ್ರೆಶರ್ ಟೆಸ್ಟ್ ಮಾಡಲಿಲ್ಲ. ನನಗ ಇದು ಒಪ್ಪಂಗಾಗವಲ್ದು. ಆಯಿಲ್ ಕಡ್ಡಿ ಎಳದು ನೋಡಿದ್ರ ಹಾಲಿನಂಗ ಬೆಳ್ಳಗ ಆಗಿಲ್ಲ, ಸೈಲೆನ್ಸರ್‌ನಾಗ ಬಿಳಿ ಹೊಗೆ ಇಲ್ಲ. ಮೊದಲು ಫ್ಯಾನ್ ಮೋಟರ್, ಅದರ ರಿಲೇ (ಕರೆಂಟ್ ಬಿಡೋ ಸ್ವಿಚ್), ಥರ್ಮೋಸ್ಟಾಟ್ (ರೇಡಿಯೇಟರ್‌ಗೆ ಕೂಲೆಂಟ್ ಬಿಡೋ ವಾಲ್ವ್), ರೇಡಿಯೇಟರ್ ಮುಚ್ಚಳ ನೋಡಬೇಕಲ್ರಿ? ಹೆಡ್ ಬಿಚ್ಚೂದು ಕಡೀ ಮಾತು.

ಕೂಲಿಂಗ್ ಸಿಸ್ಟಂ ಪ್ರೆಶರ್ ಟೆಸ್ಟ್ ಮಾಡೋ ಗ್ಯಾರೇಜ್ ಜೇವರ್ಗಿ ರೋಡ್, ಸೇಡಂ ರೋಡ್ ಕಡೆ ಯಾವ್ದಾದ್ರೂ ಇದ್ರ ದಯವಿಟ್ಟು ತಿಳಿಸ್ರಿ. ಫ್ಯಾನ್ ಮೋಟರ್, ರೇಡಿಯೇಟರ್ ಬದಲಿ ಮಾಡಿಸಿದವರು ಎಷ್ಟು ಕೊಟ್ರಿ, ಒರಿಜಿನಲ್ ಹಾಕ್ಸಿದ್ರ್ಯಾ, ಲೋಕಲ್ ಹಾಕ್ಸಿದ್ರ್ಯಾ, ಅದೂ ಬರೀರಿ. ಸ್ಪೀಡ್ ಬ್ರೇಕರ್ ಮ್ಯಾಲ ಮುಂದಿನ ಎಡಗಾಲಿ ಕಡೆ ಟಕ್ ಅಂತದ, ಲೋವರ್ ಆರ್ಮ್ ಬುಷ್ (ಗಾಲಿ ಹಿಡ್ಯೋ ಕೆಳಗಿನ ತೋಳಿನ ರಬ್ಬರ್) ಇರಬಹುದು. ಅದಕ್ಕ ಅವಸರ ಇಲ್ಲ.

ಮುಂದಿನ ತಿಂಗಳು ಅವ್ವನ್ನ ಕಣ್ಣಿನ ಆಪರೇಷನ್‌ಗೆ ಸೋಲಾಪುರಕ್ಕ ಕರ್ಕೊಂಡು ಹೋಗೂದದ. ಈ ಬಿಸಲಾಗ ಆಕಿನ್ನ ಕೂಡಿಸಿಕೊಂಡು ದಾರ್ಯಾಗ ನಿಲ್ಲೂದು ಬ್ಯಾಡ. ಗೊತ್ತಿದ್ದವರು ಕಮೆಂಟ್ ಮಾಡ್ರಿ, ಇಲ್ಲಾ ಇನ್‌ಬಾಕ್ಸ್‌ಗೆ ನಂಬರ್ ಕಳಸ್ರಿ.