ಊರ ಮನೆ ಮಾಳಿಗೆ ತೆಗೆಸೋದಕ್ಕೂ ಪರವಾನಗಿ ಬೇಕಾ? ಸಹಾಯ ಬೇಕು

ನಮಸ್ಕಾರ ರೀ. ವಿಜಯಪುರದ ಮನೆ ಮೇಲೆ ಒಂದು ರೂಮು ಏರಿಸಬೇಕು. ಅದಕ್ಕೆ ಮಹಾನಗರ ಪಾಲಿಕೆ ಪರವಾನಗಿ ಬೇಕೇ ಬೇಕು, ಗೊತ್ತು.

ತಲೆನೋವು ಇಂಡಿ ತಾಲ್ಲೂಕಿನ ಊರ ಮನೆಯದು. ಮಣ್ಣಿನ ಮಾಳಿಗೆ. ಹೋದ ಮಳೆಗಾಲದಲ್ಲಿ ಪಡಸಾಲೆ ತುಂಬ ಪಾತ್ರೆ ಇಟ್ಟಿದ್ದೆವು. ಒಂದು ಜಂತಿಗೆ ಗೆದ್ದಲು ಹಿಡಿದು, ಬೆರಳಿಟ್ಟರೆ ಪುಡಿ ಉದುರುತ್ತದೆ. ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿಸಬೇಕು. "ಹಳ್ಳ್ಯಾಗ ಯಾರ ಕೇಳ್ತಾರ್ರೀ" ಅಂತಾನೆ ಗೌಂಡಿ. ಅವನಿಗೇನು, ಕೂಲಿ ಸಿಕ್ಕರಾಯಿತು! 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನ ಪ್ರಕಾರ ಹೊಸದಾಗಿ ಕಟ್ಟೋದಕ್ಕೂ, ಇದ್ದ ಮನೆಗೆ ಸೇರಿಸೋದಕ್ಕೂ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು, ಅಲ್ವಾ? ಗೋಡೆ ಅದೇ, ಬರೀ ಮೇಲ್ಛಾವಣಿ ಬದಲಾದರೂ ಬೇಕಾ?

ಉತಾರ (ಮನೆಯ ಆಸ್ತಿ ದಾಖಲೆ) ಇನ್ನೂ ಅಜ್ಜನ ಹೆಸರಲ್ಲಿದೆ. ಇತ್ತೀಚೆಗೆ ಮಾಡಿಸಿದವರು ಯಾವ ಕಾಗದ ಕೊಟ್ಟಿರಿ, ಎಷ್ಟು ದಿನ ಹಿಡಿಯಿತು, ಹೇಳಿ. ಮುಂಗಾರಿಗಿಂತ ಮುಂಚೆ ಸ್ಲ್ಯಾಬ್ ಬೀಳಬೇಕು.